ಫ್ಲೂ ಜ್ವರದ ಮದ್ದು ದಡಾರಕ್ಕೆ ಆದೀತೆ?

ಮಗುವಿಗೆ ಜ್ವರವೇರಿ, ಮೂಗು ಸೋರಿ, ಒಣಕೆಮ್ಮು ಹತ್ತಿ, ಕಣ್ಣುಗಳು ಕೆಂಪಡರಿ ಬೆಳಕನ್ನು ಸಹಿಸಲಾರದಾದಾಗ, ಮೈಮೇಲೆ ಇನ್ನೂ ಒಂದು ದದ್ದೂ ಮೂಡಿರದ ಆ ಮೊದಲ ಮೂರು ನಾಲ್ಕು ದಿನಗಳಲ್ಲಿ, ಬಂದಿರುವುದು ಇನ್‌ಫ್ಲುಯೆನ್ಜಾ ಜ್ವರವೋ ದಡಾರದ ಪೂರ್ವರೂಪವೋ ಎಂದು ನಿಶ್ಚಯಿಸಿ ಹೇಳುವುದು ನುರಿತ ವೈದ್ಯರಿಗೂ ಸುಲಭವಲ್ಲ. 1896ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕಾಪ್ಲಿಕ್ ಅವರು, ಕೆನ್ನೆಯ ಒಳಮೈಯಲ್ಲಿ ದವಡೆಹಲ್ಲುಗಳಿಗೆ ಎದುರಾಗಿ ಕೆಂಪಂಚಿನ ಸಣ್ಣ ಬಿಳಿಚುಕ್ಕೆಗಳು ದದ್ದಿಗಿಂತ ಒಂದೆರಡು ದಿನ ಮುಂಚಿತವಾಗಿಯೇ ಕಾಣಿಸಿಕೊಳ್ಳುವುದನ್ನು ವರ್ಣಿಸಿ, ಈ ಸಂದಿಗ್ಧದಿಂದ ಹೊರಬರುವ ಒಂದು ಮಾರ್ಗವನ್ನು ತೋರಿಸಿಕೊಟ್ಟರಾದರೂ, ಮಗುವಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡುವ ವ್ಯವಧಾನವಿಲ್ಲದೆಡೆ ಆ ಚುಕ್ಕೆಗಳು ಯಾರ ಗಮನಕ್ಕೂ ಬಾರದೆ ಮಾಸಿಹೋಗುತ್ತವೆ. ಎರಡೂ ವೈರಾಣುಗಳಿಂದ ಬರುವ ಜ್ವರಗಳು. ಎರಡೂ ಉಸಿರಿನ ಮಾರ್ಗವಾಗಿ ಒಬ್ಬರಿಂದೊಬ್ಬರಿಗೆ ಹರಡತಕ್ಕವು. ಒಂದಕ್ಕೆ ಔಷಧವುಂಟು, ಅದು ಅಂಗಡಿಯಲ್ಲಿ ದೊರೆಯುವುದೂ ಉಂಟು. ಮತ್ತೊಂದಕ್ಕೆ ಅಂತಹ ಔಷಧವೊಂದೂ ಇಲ್ಲ. ಹೀಗಿರುವಲ್ಲಿ, ಇರುವ ಔಷಧವನ್ನೇ ಇಲ್ಲದ ಕಡೆಗೂ ಪ್ರಯೋಗಿಸಿ ನೋಡಬಾರದೇಕೆ ಎಂಬ ಪ್ರಶ್ನೆ ತಾಯ್ತಂದೆಯರ ಮನಸ್ಸಿನಲ್ಲಿ ಹುಟ್ಟಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವೈದ್ಯರೂ ಸಂಶೋಧಕರೂ ಅದೇ ಪ್ರಶ್ನೆಯನ್ನು ಹಲವು ದಶಕಗಳಿಂದ ಬೇರೆ ಬೇರೆ ರೂಪದಲ್ಲಿ ಕೇಳಿಕೊಂಡು ಬಂದಿದ್ದಾರೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಉಪಕಾರವಾದೀತು. ಇನ್‌ಫ್ಲುಯೆನ್ಜಾಕ್ಕೆಂದು ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಯಾವ ಔಷಧವೂ ದಡಾರದ ವೈರಾಣುವನ್ನು ತಡೆಯಲಾರದು. ಇವುಗಳಿಗೆ ದೂರದ ಬಂಧುವಾದ, ವೈರಾಣುವಿನ ಪ್ರತಿಲಿಪಿಯಂತ್ರಕ್ಕೇ ಕೈಯಿಕ್ಕುವ ಮತ್ತೊಂದು ವರ್ಗದ ಔಷಧಗಳು ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಅದರ ವೃದ್ಧಿಯನ್ನು ಕುಗ್ಗಿಸಿರುವುದು ನಿಜವಾದರೂ, ರೋಗಿಯ ಹಾಸಿಗೆಯ ಬಳಿಯಲ್ಲಿ ಅವು ತಮ್ಮ ಯೋಗ್ಯತೆಯನ್ನು ಇನ್ನೂ ಸಿದ್ಧಪಡಿಸಿಲ್ಲ. ಇದೇಕೆ ಹೀಗೆ ಎಂಬುದನ್ನು ವಿಚಾರಿಸುವುದರಲ್ಲಿ ಪ್ರಯೋಜನವುಂಟು. ಏಕೆಂದರೆ ‘ಇಲ್ಲ’ ಎಂಬ ಬರಿಯ ಮಾತು ಯಾರ ಸಂಶಯವನ್ನೂ ಕಳೆಯುವುದಿಲ್ಲ.

ಇನ್‌ಫ್ಲುಯೆನ್ಜಾದ ಔಷಧಗಳ ಕಥೆ ಒಂದು ಕೋಳಿಮೊಟ್ಟೆಯಿಂದ ಆರಂಭವಾಗುತ್ತದೆಯೆಂದು ಹೇಳಬಹುದು. 1941ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನದ ಪ್ರಯೋಗಶಾಲೆಯಲ್ಲಿ ಜಾರ್ಜ್ ಹರ್ಸ್ಟ್ ಅವರು ಭ್ರೂಣವಿದ್ದ ಮೊಟ್ಟೆಗಳಲ್ಲಿ ಈ ವೈರಾಣುವನ್ನು ಬೆಳೆಸಿ ಅದರ ದ್ರವವನ್ನು ಹೀರಿ ತೆಗೆಯುತ್ತಿದ್ದಾಗ, ಹರಿದ ರಕ್ತನಾಳದಿಂದ ಸೋರಿದ ಕೆಂಪು ರಕ್ತಕಣಗಳು ಆ ದ್ರವದೊಡನೆ ಬೆರೆತೊಡನೆಯೇ ಒಂದಕ್ಕೊಂದು ಅಂಟಿ ಗಂಟುಗಟ್ಟಿ ತಳಕ್ಕಿಳಿದುದನ್ನು ಕಂಡರು. ಅಷ್ಟಕ್ಕೆ ಬಿಡದೆ ಅವರು ಮುಂದುವರಿಸಿದ ಪ್ರಯೋಗಗಳಲ್ಲಿ ಇನ್ನೊಂದು ಸೋಜಿಗ ಹೊರಬಿತ್ತು: ತಣ್ಣನೆಯ ಸ್ಥಿತಿಯಲ್ಲಿ ಕಣಗಳಿಗೆ ಅಂಟಿಕೊಂಡಿದ್ದ ವೈರಾಣು ಮೈಯ ಬಿಸಿಯಷ್ಟು ಶಾಖವನ್ನು ಪಡೆದಾಗ ತಾನಾಗಿಯೇ ಬಿಡಿಸಿಕೊಳ್ಳುತ್ತಿದ್ದಿತು, ಮತ್ತು ಹಾಗೆ ಬಿಟ್ಟುಹೋದ ರಕ್ತಕಣಗಳಿಗೆ ಹೊಸ ವೈರಾಣುವನ್ನು ಸೇರಿಸಿದರೂ ಅದು ಮತ್ತೆ ಅಂಟುತ್ತಿರಲಿಲ್ಲ. ಎಂದರೆ, ಅಂಟುವುದಕ್ಕೆ ಆಧಾರವಾಗಿದ್ದ ಯಾವುದೋ ಒಂದು ವಸ್ತುವನ್ನು ವೈರಾಣು ಹೊರಡುವಾಗ ಕತ್ತರಿಸಿ ಹಾಕಿತ್ತು. ಆ ವಸ್ತು ಜೀವಕೋಶದ ಹೊರಮೈಯ ಸಕ್ಕರೆಗಳ ತುದಿಯಲ್ಲಿರುವ ಸಿಯಾಲಿಕ್ ಆಮ್ಲವೆಂದೂ, ಅದನ್ನು ಕತ್ತರಿಸುವುದು ವೈರಾಣುವಿನ ಮೈಮೇಲೆಯೇ ಇರುವ ನ್ಯೂರಮಿನಿಡೇಸ್ ಎಂಬ ಕಿಣ್ವವೆಂದೂ ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಮೆಲ್ಬರ್ನ್ ನಗರದಲ್ಲಿ ಆಲ್ಫ್ರೆಡ್ ಗಾಟ್‌ಶಾಕ್ ಅವರು ನಡೆಸಿದ ದುಡಿಮೆ ಇದರಲ್ಲಿ ಮುಖ್ಯವಾದುದು.

ಈ ಕಿಣ್ವವಿಲ್ಲದಿದ್ದರೆ ಹೊಸದಾಗಿ ಹುಟ್ಟಿದ ವೈರಾಣುಗಳು ತಾವು ಹುಟ್ಟಿದ ಜೀವಕೋಶದ ಮೈಗೇ ಅಂಟಿಕೊಂಡು ಉಳಿಯುವುವಲ್ಲದೆ ಮುಂದಿನ ಕೋಶಕ್ಕೆ ಹೋಗಲಾರವು. ಆದುದರಿಂದ ಅದನ್ನು ಕಟ್ಟಿಹಾಕಿದರೆ ರೋಗವನ್ನು ಅಲ್ಲಿಗೇ ನಿಲ್ಲಿಸಬಹುದೆಂಬ ವಿಚಾರ ಸಹಜವಾಗಿಯೇ ಮೂಡಿತು. ಆದರೆ ವಿಚಾರ ಔಷಧವಾಗುವುದಕ್ಕೆ ಅರ್ಧ ಶತಮಾನ ಹಿಡಿಯಿತು. 1983ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳಾದ ವರ್ಗೀಸ್, ಲೇವರ್ ಮತ್ತು ಕೋಲ್ಮನ್ ಅವರು ಆ ಕಿಣ್ವದ ಮೂರು ಆಯಾಮಗಳ ರಚನೆಯನ್ನು ಪ್ರಕಟಿಸಿ, ಅದು ಕೆಲಸ ಮಾಡುವ ಕುಳಿಯ ಆಕಾರವನ್ನು ಪರಮಾಣುಗಳ ಮಟ್ಟದಲ್ಲಿ ತೋರಿಸಿದ ಮೇಲೆ, ಆ ಕುಳಿಯಲ್ಲಿ ಸರಿಯಾಗಿ ಕೂರುವಂತಹ ಅಣುವನ್ನು ಉದ್ದೇಶಪೂರ್ವಕವಾಗಿ ಕಟ್ಟುವುದು ಸಾಧ್ಯವಾಯಿತು. ಬಾಯಿಯಿಂದ ಪುಡಿಯ ರೂಪದಲ್ಲಿ ಸೇದುವ ಜನಾಮಿವಿರ್, ನುಂಗುವ ಒಸೆಲ್ಟಾಮಿವಿರ್, ಇವೆರಡೂ 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಎರಡನೆಯದೇ ಟಾಮಿಫ್ಲೂ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದುದು. ಅದನ್ನು ತಯಾರಿಸಲು ಬೇಕಾದ ಶಿಕಿಮಿಕ್ ಆಮ್ಲವನ್ನು, ನಮ್ಮ ಅಡುಗೆಮನೆಯಲ್ಲಿ ಪಲಾವಿಗೆ ಹಾಕುವ ಚಕ್ರಮೊಗ್ಗಿನಿಂದಲೇ ಬಹುಕಾಲ ಪಡೆಯುತ್ತಿದ್ದರೆಂಬುದನ್ನು ಕೇಳಿದರೆ ಹಲವರಿಗೆ ಆಶ್ಚರ್ಯವಾದೀತು. (ಚಕ್ರಮೊಗ್ಗನ್ನು ಕುದಿಸಿ ಕುಡಿದರೆ ಆ ಗುಣ ಬಾರದು, ಆಮ್ಲವನ್ನು ಬೇರ್ಪಡಿಸಿ, ಹಲವು ರಾಸಾಯನಿಕ ಹಂತಗಳನ್ನು ದಾಟಿಸಿದ ಮೇಲಷ್ಟೇ ಅದು ಔಷಧವಾಗುತ್ತದೆ.)

ಇಷ್ಟು ಸೂಕ್ಷ್ಮವಾದ ಬುದ್ಧಿಯಿಂದ ನಿರ್ಮಿತವಾದ ಈ ಔಷಧವಾದರೂ ತನ್ನ ನಿಜವಾದ ಗುರಿಯ ಮೇಲೆ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಮರೆಯಬಾರದು. ಜ್ವರ ಕಂಡ 48 ಗಂಟೆಗಳೊಳಗಾಗಿ ಆರಂಭಿಸಿದರೆ ಅದರಿಂದ ಲಾಭವುಂಟು. ತಡವಾದಷ್ಟೂ ಲಾಭ ಕಡಿಮೆ. 2014ರಲ್ಲಿ ಕಾಕ್ರೇನ್ ಸಂಘಟನೆಯವರು ಆವರೆಗಿನ ಪ್ರಯೋಗಗಳೆಲ್ಲವನ್ನೂ ಒಟ್ಟುಗೂಡಿಸಿ ತೂಗಿ ನೋಡಿದಾಗ, ಒಸೆಲ್ಟಾಮಿವಿರ್ ವಯಸ್ಕರಲ್ಲಿ ರೋಗಲಕ್ಷಣಗಳ ಅವಧಿಯನ್ನು ಏಳು ದಿನಗಳಿಂದ ಸುಮಾರು 6.3 ದಿನಗಳಿಗೆ ಇಳಿಸುತ್ತದೆಂದು ಕಂಡುಬಂದಿತು. ತೀವ್ರವಾಗಿ ಕಾಯಿಲೆಯಾಗಿ ಆಸ್ಪತ್ರೆ ಸೇರಿದವರಿಗೆ ವೈದ್ಯರು ಇದನ್ನು ಕೊಡುವುದು ಸರಿಯೇ. ಆದರೆ ತನಗೇ ಸೇರಿದ ರೋಗದಲ್ಲಿ ಒಂದು ದಿನಕ್ಕಿಂತ ಕಡಿಮೆ ಉಳಿತಾಯ ಮಾಡುವ ಮದ್ದಿನಿಂದ ತನಗೆ ಸೇರದ ರೋಗದಲ್ಲಿ ಏನನ್ನು ನಿರೀಕ್ಷಿಸುವುದು?

ಸೇರದ ರೋಗವೆಂದು ಏಕೆ ಹೇಳಬೇಕಾಯಿತೆಂಬುದನ್ನು ಈಗ ನೋಡೋಣ. 1955ರಲ್ಲಿ ಇನ್‌ಫ್ಲುಯೆನ್ಜಾ ಮತ್ತು ಅದರ ಸಂಬಂಧಿಗಳಿಗೆ ಮಿಕ್ಸೊವೈರಸ್ ಎಂಬ ಸಾಮೂಹಿಕ ನಾಮಧೇಯ ದೊರೆಯಿತು; ಕೆಪ್ಪಟರಾಯನ ವೈರಾಣು ಮುಂತಾದವುಗಳಲ್ಲಿಯೂ ರಕ್ತಕಣಗಳನ್ನು ಗಂಟುಗಟ್ಟಿಸುವ ಗುಣವಿದ್ದುದೇ ಈ ಸಂಬಂಧ ಕಲ್ಪನೆಗೆ ಆಧಾರ. ತಿಳಿವಳಿಕೆ ಹೆಚ್ಚಿದಂತೆ ಈ ಕುಟುಂಬ ಎರಡಾಗಿ ಒಡೆದು, ಇನ್‌ಫ್ಲುಯೆನ್ಜಾ ಒಂದು ಮನೆಯನ್ನೂ ಕೆಪ್ಪಟರಾಯ, ದಡಾರಗಳು ಮತ್ತೊಂದು ಮನೆಯನ್ನೂ ಸೇರಿದವು. ಎರಡನೆಯ ಮನೆಯ ಕೆಲವು ಸದಸ್ಯರಲ್ಲಿ, ಕೆಪ್ಪಟರಾಯನ ವೈರಾಣುವಿನಲ್ಲಿಯೇ ಉದಾಹರಣೆಗೆ, ನ್ಯೂರಮಿನಿಡೇಸ್ ಕಿಣ್ವ ಇಂದಿಗೂ ಉಂಟು. ದಡಾರದ ವೈರಾಣುವಿನಲ್ಲಿ ಅದು ಇಲ್ಲ. ಈ ವೈರಾಣು ಕೋತಿಯ ರಕ್ತಕಣಗಳನ್ನು ಗಂಟುಗಟ್ಟಿಸಬಲ್ಲುದಾದರೂ, ಸಿಯಾಲಿಕ್ ಆಮ್ಲವನ್ನು ಹಿಡಿಯುವುದೂ ಇಲ್ಲ, ಕತ್ತರಿಸಿ ಬಿಡಿಸಿಕೊಳ್ಳುವುದೂ ಇಲ್ಲ. ಅದು ಹಿಡಿಯುವ ಕೈಗಳೇ ಬೇರೆ: 2000ದಲ್ಲಿ ಜಪಾನಿನ ಯಾನಗಿ ಅವರ ತಂಡ ತೋರಿಸಿದಂತೆ, ಅದು ರೋಗನಿರೋಧಕ ಕೋಶಗಳ ಮೇಲಿರುವ ಒಂದು ಪ್ರೋಟೀನನ್ನು ಹಿಡಿದು ಒಳಹೊಗುತ್ತದೆ, 2011ರಲ್ಲಿ ತಿಳಿದುಬಂದಂತೆ, ಶ್ವಾಸನಾಳದ ಒಳಪದರದ ಕೋಶಗಳಿಗೆ ನೆಕ್ಟಿನ್-4 ಎಂಬ ಮತ್ತೊಂದು ಪ್ರೋಟೀನಿನ ಮೂಲಕ ದಾಟಿ, ಅಲ್ಲಿಂದ ಕೆಮ್ಮಿನೊಡನೆ ಹೊರಬೀಳುತ್ತದೆ. ಇಲ್ಲದ ಕಿಣ್ವವನ್ನು ಒಸೆಲ್ಟಾಮಿವಿರ್ ತಡೆಯುವುದಾದರೂ ಹೇಗೆ? ಮಾತ್ರೆಯ ಪ್ರಮಾಣವನ್ನು ಎಷ್ಟು ಹೆಚ್ಚಿಸಿದರೂ ಫಲ ಶೂನ್ಯವೇ.

ಇನ್‌ಫ್ಲುಯೆನ್ಜಾದ ಉಳಿದ ಔಷಧಗಳ ಸ್ಥಿತಿಯೂ ಇದಕ್ಕಿಂತ ಉತ್ತಮವಲ್ಲ. 2018ರಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಅನುಮತಿ ಪಡೆದ ಬಲೊಕ್ಸಾವಿರ್ ಎಂಬ ಔಷಧ ಬೇರೊಂದು ಸ್ಥಳದಲ್ಲಿ ಪೆಟ್ಟುಹಾಕುತ್ತದೆ. ಇನ್‌ಫ್ಲುಯೆನ್ಜಾ ವೈರಾಣು ಜೀವಕೋಶದ ಕೇಂದ್ರದೊಳಕ್ಕೆ ನುಗ್ಗಿ, ಅಲ್ಲಿ ಸಿದ್ಧವಾಗುತ್ತಿರುವ ಕೋಶದ ಆರ್‌ಎನ್‌ಎ ಎಳೆಗಳ ಮೊದಲ ತುಣುಕನ್ನು ಕತ್ತರಿಸಿ ಕದ್ದು ತನ್ನ ಎಳೆಗಳಿಗೆ ಅಂಟಿಸಿಕೊಳ್ಳುತ್ತದೆ. ಬಲೊಕ್ಸಾವಿರ್ ಆ ಕಳವನ್ನು ತಡೆಯುತ್ತದೆ. ದಡಾರದ ವೈರಾಣುವಿಗೆ ಈ ಕಳವಿನ ಅವಶ್ಯಕತೆಯೇ ಇಲ್ಲ. ಅದು ಕೋಶಕೇಂದ್ರಕ್ಕೆ ಹೋಗದೆ ಹೊರಗಿನ ಕೋಶದ್ರವದಲ್ಲಿಯೇ ತನ್ನ ಸಂಸಾರವನ್ನು ಹೂಡಿ, ಎಳೆಯ ತಲೆಗೆ ಬೇಕಾದ ಮುಚ್ಚಳವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇನ್ನು, 1966ರಷ್ಟು ಹಿಂದೆಯೇ ಬಳಕೆಗೆ ಬಂದ ಅಮಾಂಟಡೀನ್ ಎಂಬುದು ಇನ್‌ಫ್ಲುಯೆನ್ಜಾ ‘ಎ’ ವೈರಾಣುವಿನ ಹೊದಿಕೆಯಲ್ಲಿರುವ ಒಂದು ಸಣ್ಣ ದ್ವಾರವನ್ನು ಮುಚ್ಚಿ, ಆಮ್ಲೀಯವಾದ ಕೋಶದ ಚೀಲದೊಳಗೆ ಅದು ಬಿಚ್ಚಿಕೊಳ್ಳದಂತೆ ಮಾಡುತ್ತದೆ. ದಡಾರದ ವೈರಾಣು ಕೋಶದ ಹೊರಮೈಯಲ್ಲಿಯೇ, ಆಮ್ಲದ ಹಂಗಿಲ್ಲದೆ, ತನ್ನ ಪೊರೆಯನ್ನು ಕೋಶದ ಪೊರೆಯೊಡನೆ ಬೆಸೆದುಬಿಡುವುದರಿಂದ ಆ ದ್ವಾರವೂ ಅದರಲ್ಲಿಲ್ಲ. ಅಮಾಂಟಡೀನನ್ನು ಇಂದು ಇನ್‌ಫ್ಲುಯೆನ್ಜಾಕ್ಕೇ ಕೊಡುವುದಿಲ್ಲ. ಚಲಾವಣೆಯಲ್ಲಿರುವ ತಳಿಗಳೆಲ್ಲ ಹೆಚ್ಚುಕಡಿಮೆ ಅದನ್ನು ಜಯಿಸಿಬಿಟ್ಟಿವೆ.

ಆದರೂ ಈ ಅಮಾಂಟಡೀನ್ ಒಂದಾನೊಂದು ಕಾಲದಲ್ಲಿ ದಡಾರದ ವೈರಾಣುವಿಗೆ ಎದುರಾಗಿ ನಿಲ್ಲಿಸಲ್ಪಟ್ಟ ಔಷಧವೇ ಹೌದು, ಮತ್ತು ಆ ಪ್ರಕರಣ ನಮ್ಮ ಪ್ರಶ್ನೆಯ ಇತಿಹಾಸದಲ್ಲಿ ಅತ್ಯಂತ ಕರುಣಾಜನಕವಾದುದು. ದಡಾರ ಬಂದು ವಾಸಿಯಾಗಿ, ಮನೆಯವರು ಅದನ್ನು ಮರೆತೂ ಬಿಟ್ಟ ಮೇಲೆ, ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷಗಳ ತರುವಾಯ, ಅಪರೂಪವಾಗಿ ಕೆಲವು ಮಕ್ಕಳಲ್ಲಿ ಮೆದುಳಿನಲ್ಲಿ ಅಡಗಿ ಉಳಿದ ವೈರಾಣು ರೂಪಾಂತರ ಹೊಂದಿ ಮತ್ತೆ ಏಳುತ್ತದೆ. ಚುರುಕಾಗಿ ಓದುತ್ತಿದ್ದ ಹುಡುಗ ಪಾಠದಲ್ಲಿ ಹಿಂದೆ ಬೀಳುತ್ತಾನೆ, ಸ್ವಭಾವ ಬದಲಾಗುತ್ತದೆ; ತಟ್ಟೆ ಹಿಡಿದ ಕೈ ಥಟ್ಟನೆ ಅದುರಿ ತಟ್ಟೆ ಬೀಳುತ್ತದೆ; ಅದೇ ಅದುರುವಿಕೆ ಕೆಲವು ಸೆಕೆಂಡುಗಳಿಗೊಮ್ಮೆ, ಲೆಕ್ಕವಿಟ್ಟಂತೆ, ಮರುಕಳಿಸುತ್ತದೆ. ಎಸ್‌ಎಸ್‌ಪಿಇ ಎಂದು ವೈದ್ಯರು ಕರೆಯುವ ಈ ರೋಗದ ಮಕ್ಕಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಹಲವು ದಶಕಗಳಿಂದ ಕಂಡು, ಶುಶ್ರೂಷೆ ಮಾಡಿ, ಅದರ ವಿಷಯದಲ್ಲಿ ಬರೆದಿದ್ದಾರೆ. ಪರಿಣಾಮ ಬಹುಪಾಲು ಒಂದೇ: ಕೆಲವು ತಿಂಗಳುಗಳಲ್ಲಿ, ಇಲ್ಲವೆ ಕೆಲವು ವರ್ಷಗಳಲ್ಲಿ, ಮರಣ. ಇಂತಹ ಮಗುವಿನ ಮುಂದೆ ನಿಂತ ವೈದ್ಯರು ಕೈಗೆ ಸಿಕ್ಕ ಪ್ರತಿಯೊಂದು ವೈರಾಣುನಿರೋಧಕವನ್ನೂ ಪ್ರಯತ್ನಿಸಿ ನೋಡಿದುದರಲ್ಲಿ ಆಶ್ಚರ್ಯವೇನಿದೆ? ಎಪ್ಪತ್ತರ ದಶಕದಲ್ಲಿ ಕೈಗೆ ಸಿಕ್ಕುತ್ತಿದ್ದುದು ಅಮಾಂಟಡೀನ್. 1980ರಲ್ಲಿ ಅಮೆರಿಕದ ವೈದ್ಯರು 38 ರೋಗಿಗಳ ಚರಿತ್ರೆಯನ್ನು ಪರಿಶೀಲಿಸಿ, ಅದು ರೋಗದ ಗತಿಯ ಮೇಲೆ ಮಾಡಿದ ಪರಿಣಾಮವನ್ನು ಚರ್ಚಿಸಿ ಬರೆದರು. ಆದರೆ ಈ ರೋಗ ಯಾವ ಔಷಧವೂ ಇಲ್ಲದೆ ಕೆಲವರಲ್ಲಿ ತಾನಾಗಿಯೇ ಕೆಲಕಾಲ ತಗ್ಗುವ ಸ್ವಭಾವವುಳ್ಳದ್ದಾದುದರಿಂದ, ಸಣ್ಣ ಸಂಖ್ಯೆಯ ರೋಗಿಗಳಲ್ಲಿ ಕಂಡ ಸುಧಾರಣೆಗೆ ಔಷಧವೇ ಕಾರಣವೆಂದು ಹೇಳುವುದು ಕಷ್ಟ. ಇನೋಸಿಪ್ಲೆಕ್ಸ್, ಮೆದುಳಿನ ಕುಹರಕ್ಕೇ ಸೇರಿಸುವ ಇಂಟರ್‌ಫೆರಾನ್ ಮುಂತಾದವು ಆಮೇಲೆ ಬಂದವು. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೊದಲನೆಯದನ್ನು ಮಾತ್ರ ಪಡೆದವರಿಗೂ ಎರಡನ್ನೂ ಪಡೆದವರಿಗೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಅಮಾಂಟಡೀನ್ ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ಅದನ್ನು ಕೊಟ್ಟವರನ್ನು ನಾನು ದೂಷಿಸಲಾರೆ. ಅವರ ಕಾಲದ ಜ್ಞಾನದಲ್ಲಿ ಅದಕ್ಕಿಂತ ಮಿಗಿಲಾದುದು ಇರಲಿಲ್ಲ.

ಇಷ್ಟು ಹೊತ್ತು ನಾವು ವಿಚಾರಿಸಿದುದು ಇನ್‌ಫ್ಲುಯೆನ್ಜಾ ವೈರಾಣುವಿನ ಸ್ವಂತ ಅಂಗಗಳನ್ನೇ ಗುರಿಯಾಗಿಟ್ಟುಕೊಂಡ ಔಷಧಗಳನ್ನು. ಆರ್‌ಎನ್‌ಎ ವೈರಾಣುಗಳಿಗೆಲ್ಲ ಸಮಾನವಾದ ಒಂದು ಅಂಗವುಂಟು: ತಮ್ಮ ಎಳೆಯನ್ನು ತಾವೇ ನಕಲು ಮಾಡಿಕೊಳ್ಳುವ ಪಾಲಿಮರೇಸ್ ಎಂಬ ಕಿಣ್ವ. ಈ ನಕಲಿನ ನಡುವೆ ಹುಸಿಯಾದ ಅಕ್ಷರವೊಂದನ್ನು ಸೇರಿಸಿ ಪಾಠವನ್ನೇ ಕೆಡಿಸುವ ಔಷಧಗಳು ಒಂದಕ್ಕಿಂತ ಹೆಚ್ಚು ವೈರಾಣುಗಳ ಮೇಲೆ ಕೆಲಸ ಮಾಡುವ ಸಂಭವವುಂಟು. ನಮ್ಮ ಪ್ರಶ್ನೆಗೆ ಆಶಾದಾಯಕವಾದ ಉತ್ತರವೇನಾದರೂ ಬರುವುದಾದರೆ ಈ ದಿಕ್ಕಿನಿಂದಲೇ ಬರಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸಂಶ್ಲೇಷಿತವಾದ ರೈಬಾವಿರಿನ್ ಇಂತಹುದು. ಅದನ್ನು ಇನ್‌ಫ್ಲುಯೆನ್ಜಾದ ಮೇಲೂ ಪರೀಕ್ಷಿಸಿದರು, ದಡಾರದ ಮೇಲೂ ಪರೀಕ್ಷಿಸಿದರು; ಪ್ರಯೋಗಶಾಲೆಯಲ್ಲಿ ಎರಡೂ ಅದಕ್ಕೆ ಬಗ್ಗುತ್ತವೆ. ದಡಾರದಿಂದ ಶ್ವಾಸಕೋಶದ ಉರಿಯೂತ ಬಂದು ವಿಷಮಸ್ಥಿತಿಗೆ ತಲಪಿದ ಕೆಲವು ರೋಗಿಗಳಿಗೂ, ರೋಗನಿರೋಧಕ ಶಕ್ತಿ ಕುಂದಿದವರಿಗೂ ವೈದ್ಯರು ಅದನ್ನು ಕೊಟ್ಟಿದ್ದಾರೆ. ಆದರೆ ರಕ್ತಹೀನತೆಯನ್ನು ತರುವ ದೋಷ ಅದಕ್ಕುಂಟು, ಗರ್ಭಕ್ಕೆ ಅಪಾಯಕಾರಿಯೂ ಹೌದು; ದೊಡ್ಡ ಪ್ರಮಾಣದ, ನಿಯಂತ್ರಿತವಾದ ಪ್ರಯೋಗದಿಂದ ಅದರ ಗುಣ ಸ್ಥಾಪಿತವಾಗಿಲ್ಲವಾದ್ದರಿಂದ ದಡಾರದ ಚಿಕಿತ್ಸೆಗೆಂದು ಅದಕ್ಕೆ ಅನುಮತಿಯಿಲ್ಲ.

ಫಾವಿಪಿರಾವಿರ್ ಎಂಬ ಹೆಸರು ನಮ್ಮವರಿಗೆ ಅಪರಿಚಿತವಲ್ಲ. 2020ರ ಕೋವಿಡ್ ಕಾಲದಲ್ಲಿ ಅದು ಫ್ಯಾಬಿಫ್ಲೂ ಎಂಬ ಹೆಸರಿನ ಮಾತ್ರೆಯಾಗಿ ಎಷ್ಟೋ ಮನೆಗಳನ್ನು ಸೇರಿದ್ದುಂಟು. ಮೂಲತಃ ಅದು ಇನ್‌ಫ್ಲುಯೆನ್ಜಾದ ಔಷಧ. 2014ರಲ್ಲಿ ಜಪಾನ್ ಸರ್ಕಾರ ಅದಕ್ಕೆ ಅನುಮತಿ ಕೊಟ್ಟಿತಾದರೂ, ಗರ್ಭಸ್ಥ ಶಿಶುವಿಗೆ ಅಂಗವೈಕಲ್ಯ ತರುವ ಭಯದಿಂದ, ಹೊಸ ತಳಿಯ ಇನ್‌ಫ್ಲುಯೆನ್ಜಾ ತಲೆಯೆತ್ತಿ ಉಳಿದ ಔಷಧಗಳು ಸೋತಾಗ ಮಾತ್ರ ಬಳಸತಕ್ಕದ್ದೆಂಬ ಕಟ್ಟುಪಾಡನ್ನು ವಿಧಿಸಿತು. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಔಷಧ ದಡಾರದ ವೈರಾಣುವೂ ಸೇರಿದಂತೆ ಅದೇ ಬಳಗದ ಹಲವು ವೈರಾಣುಗಳ ವೃದ್ಧಿಯನ್ನು ಜೀವಕೋಶಗಳ ಕೃಷಿಯಲ್ಲಿ ತಡೆಯುವುದನ್ನು ತೋರಿಸಿತು. ಹಾಗಾದರೆ ಇನ್‌ಫ್ಲುಯೆನ್ಜಾದ ಔಷಧವೊಂದು ದಡಾರದ ವೈರಾಣುವನ್ನು ತಡೆಯುವುದುಂಟು ಎಂದಾಯಿತಲ್ಲವೆ? ಅಕ್ಷರಶಃ ಹೌದು. ಆದರೆ ಗಾಜಿನ ತಟ್ಟೆಯಲ್ಲಿ ವೈರಾಣುವನ್ನು ತಡೆಯಲು ಬೇಕಾಗುವ ಸಾಂದ್ರತೆ ಮಗುವಿನ ರಕ್ತದಲ್ಲಿ ಅಪಾಯವಿಲ್ಲದೆ ದೊರೆಯುವುದೆ, ದೊರೆತರೂ ರೋಗದ ಗತಿ ಬದಲಾಗುವುದೆ ಎಂಬುದು ಮನುಷ್ಯರ ಮೇಲಿನ ಪ್ರಯೋಗದಿಂದಲ್ಲದೆ ತಿಳಿಯತಕ್ಕ ಸಂಗತಿಯಲ್ಲ. ಕೋವಿಡ್ ಕಾಲದಲ್ಲಿ ಪ್ರಯೋಗಶಾಲೆಯ ಆಶೆಗಳು ಆಸ್ಪತ್ರೆಯಲ್ಲಿ ಒಂದರ ಮೇಲೊಂದು ಕುಸಿದುದನ್ನು ಕಂಡಿರುವ ನಾವು ಈ ಅಂತರವನ್ನು ಹಗುರವಾಗಿ ಎಣಿಸಲಾಗದು.

ದಡಾರಕ್ಕೆಂದೇ ಔಷಧವನ್ನು ಹುಡುಕುವ ಪ್ರಯತ್ನವೂ ನಡೆದಿದೆ. ಅಟ್ಲಾಂಟಾದಲ್ಲಿ ರಿಚರ್ಡ್ ಪ್ಲೆಂಪರ್ ಅವರ ತಂಡ ದಡಾರದ ಬಳಗದ ಪಾಲಿಮರೇಸನ್ನೇ ಕಟ್ಟಿಹಾಕುವ ಒಂದು ಅಣುವನ್ನು ರೂಪಿಸಿ, 2014ರಲ್ಲಿ ಅದರ ಫಲವನ್ನು ಪ್ರಕಟಿಸಿತು. ನಾಯಿಗಳ ಡಿಸ್ಟೆಂಪರ್ ರೋಗವನ್ನು ತರುವ ವೈರಾಣು ದಡಾರದ ವೈರಾಣುವಿಗೆ ತೀರ ಹತ್ತಿರದ ನೆಂಟ. ಅದನ್ನು ಮಾರಕ ಪ್ರಮಾಣದಲ್ಲಿ ಫೆರೆಟ್ ಎಂಬ ಸಣ್ಣ ಪ್ರಾಣಿಗಳಿಗೆ ತಗುಲಿಸಿ, ಮೂರನೆಯ ದಿನದಿಂದ ಈ ಔಷಧವನ್ನು ಬಾಯಿಯ ಮೂಲಕ ಕೊಟ್ಟಾಗ, ಅವೆಲ್ಲವೂ ಬದುಕಿ ಉಳಿದುದಲ್ಲದೆ ಮುಂದೆ ಅದೇ ರೋಗ ತಗುಲದಂತಹ ರಕ್ಷಣೆಯನ್ನೂ ಪಡೆದವು. ಇದು ಸಾಮಾನ್ಯವಾದ ಫಲವಲ್ಲ. ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಮಗುವಿಗೆ ಜೀವಂತ ವೈರಾಣುವಿನ ಲಸಿಕೆಯನ್ನು ಹಾಕುವಂತಿಲ್ಲ. ಆರು ತಿಂಗಳು ತುಂಬದ ಕೂಸಿಗೂ ಹಾಕುವಂತಿಲ್ಲ. ಅವರ ಮನೆಗೆ ದಡಾರ ಹೊಕ್ಕಾಗ ಕೊಡಲೆಂದು ಒಂದು ಮಾತ್ರೆಯಿದ್ದಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದವು! ಒಳ್ಳೆಯ ಲಸಿಕೆಯಿದ್ದ ಕಾರಣದಿಂದಲೇ ದಡಾರದ ಔಷಧಕ್ಕೆ ಹಣವೂ ಆಸಕ್ತಿಯೂ ಹರಿದುಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. ವರ್ಷವರ್ಷಕ್ಕೂ ವೇಷ ಬದಲಿಸುವ ಇನ್‌ಫ್ಲುಯೆನ್ಜಾಕ್ಕೆ ಲಸಿಕೆ ಸಾಲದೆ ಬಂದುದರಿಂದ ಔಷಧಗಳ ಮೇಲೆ ಔಷಧಗಳು ಹುಟ್ಟಿದವು. 1954ರಲ್ಲಿ ಬಾಸ್ಟನ್ ನಗರದಲ್ಲಿ ಎಂಡರ್ಸ್ ಮತ್ತು ಪೀಬಲ್ಸ್ ಅವರು ಶಾಲಾ ಬಾಲಕನೊಬ್ಬನಿಂದ ಪಡೆದ ವೈರಾಣುವಿನ ಸಂತಾನವೇ ನಮ್ಮ ದೇಶದ ಮಕ್ಕಳಿಗೆ ಇಂದಿಗೂ ಹಾಕುವ ಲಸಿಕೆಯಲ್ಲಿದೆ, ಮತ್ತು ಎಪ್ಪತ್ತು ವರ್ಷಗಳ ಹಿಂದಿನ ಆ ತಳಿಯ ಪರಿಚಯ ಇಂದಿನ ದಡಾರವನ್ನೂ ತಡೆಯುತ್ತದೆ.

ಔಷಧ ಸಿಕ್ಕಿತೆಂದೇ ಭಾವಿಸೋಣ. ಅದನ್ನು ಯಾವಾಗ ಕೊಡುವುದು? ಈ ಪ್ರಶ್ನೆ ಮೇಲಿನ ಎಲ್ಲಕ್ಕಿಂತಲೂ ತೊಡಕಿನದು. 1846ರಲ್ಲಿ ಫೆರೋ ದ್ವೀಪಗಳಿಗೆ ದಡಾರ ಬಂದು, ಏಳುಸಾವಿರದ ಎಂಟುನೂರರಷ್ಟು ಜನರಲ್ಲಿ ಸುಮಾರು ಆರುಸಾವಿರ ಮಂದಿಯನ್ನು ಹಾಸಿಗೆ ಹಿಡಿಸಿದಾಗ, ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್ ಅವರು ಹಳ್ಳಿಯಿಂದ ಹಳ್ಳಿಗೆ ಹೋಗಿ ಯಾರು ಯಾರನ್ನು ಯಾವ ದಿನ ಸಂಧಿಸಿದರೆಂಬುದನ್ನು ವಿಚಾರಿಸಿ, ಸೋಂಕಿನ ದಿನದಿಂದ ದದ್ದು ಮೂಡುವುದಕ್ಕೆ ಹದಿಮೂರು ಹದಿನಾಲ್ಕು ದಿನಗಳು ಹಿಡಿಯುವುವೆಂದು ಸ್ಥಾಪಿಸಿದರು. (1781ರ ಪಿಡುಗನ್ನು ಕಂಡಿದ್ದ ಮುದುಕರಾರಿಗೂ ಆ ಬಾರಿ ರೋಗ ತಗುಲಲಿಲ್ಲವೆಂಬ ಅವರ ಮತ್ತೊಂದು ಅವಲೋಕನ, ಒಮ್ಮೆ ಬಂದರೆ ಜೀವಮಾನದ ರಕ್ಷಣೆಯೆಂಬ ಅರಿವಿಗೆ ಆಧಾರವಾಯಿತು.) ಈ ಎರಡು ವಾರಗಳಲ್ಲಿ ವೈರಾಣು ಸದ್ದಿಲ್ಲದೆ ದೇಹವನ್ನೆಲ್ಲ ವ್ಯಾಪಿಸಿರುತ್ತದೆ, ದದ್ದು ಮೂಡುವುದು ದೇಹದ ರಕ್ಷಕ ಕೋಶಗಳು ವೈರಾಣುವಿಗೆ ಆಶ್ರಯವಿತ್ತ ಕೋಶಗಳ ಮೇಲೆ ಬಿದ್ದು ಸಂಹಾರಕ್ಕೆ ತೊಡಗಿದುದರ ಗುರುತು. ತಾಯಿ ಮಗುವಿನ ಮೈಯನ್ನು ನೋಡಿ ‘ದಡಾರ’ ಎಂದು ಗುರುತಿಸುವ ಹೊತ್ತಿಗೆ ವೈರಾಣುವಿನ ಉಬ್ಬರ ಇಳಿಯತೊಡಗಿರುತ್ತದೆ, ಅಕ್ಕಪಕ್ಕದ ಮಕ್ಕಳಿಗೆ ಅದು ನಾಲ್ಕು ದಿನಗಳಿಂದ ಹರಡಿಯೂ ಆಗಿರುತ್ತದೆ.

ಅನಂತರ ಆಗುವ ಹಾನಿ ಬಹುಮಟ್ಟಿಗೆ ವೈರಾಣುವಿನ ನೇರ ಕೃತ್ಯವಲ್ಲ. ಅದು ರೋಗನಿರೋಧಕ ಶಕ್ತಿಯನ್ನು ನೆಲಸಮ ಮಾಡಿ ಹೋದ ಮೇಲೆ ನ್ಯುಮೋನಿಯ, ಭೇದಿ, ಕಿವಿಸೋರಿಕೆ ಮುಂತಾದ ಅನ್ಯರೋಗಗಳು ನುಗ್ಗುತ್ತವೆ. 1908ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಅವರು, ಕ್ಷಯದ ಪರೀಕ್ಷೆಗೆ ಸ್ಪಂದಿಸುತ್ತಿದ್ದ ಮಕ್ಕಳ ಚರ್ಮ ದಡಾರದ ಸಮಯದಲ್ಲಿ ಸ್ಪಂದಿಸದೆ ಸುಮ್ಮನಾಗುವುದನ್ನು ಕಂಡು ಬರೆದಿದ್ದರು. ನೂರಹನ್ನೊಂದು ವರ್ಷಗಳ ಬಳಿಕ, 2019ರಲ್ಲಿ, ನೆದರ್‌ಲೆಂಡ್ಸಿನಲ್ಲಿ ಲಸಿಕೆ ಹಾಕಿಸಿಕೊಳ್ಳದಿದ್ದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮುನ್ನವೂ ಅನಂತರವೂ ಪರೀಕ್ಷಿಸಿದ ಸಂಶೋಧಕರು, ಹಿಂದೆ ಬಂದುಹೋದ ರೋಗಗಳ ವಿರುದ್ಧ ಆ ಮಕ್ಕಳು ಗಳಿಸಿದ್ದ ಪ್ರತಿಕಾಯಗಳ ಸಂಗ್ರಹದಲ್ಲಿ ಶೇಕಡ 11ರಿಂದ 73ರಷ್ಟು ಅಳಿಸಿಹೋಗಿದ್ದುದನ್ನು ಕಂಡರು. ಅಳಿಸಿಹೋದುದನ್ನು ಹಿಂದಕ್ಕೆ ತರುವ ವೈರಾಣುನಿರೋಧಕವಿಲ್ಲ. ತಡವಾಗಿ ಕೊಟ್ಟ ಯಾವ ಮಾತ್ರೆಯೂ ಈ ನಷ್ಟವನ್ನು ತುಂಬಿಕೊಡಲಾರದು.

ಹಾಗಾದರೆ ದಡಾರ ಬಂದ ಮಗುವಿಗೆ ಕೊಡತಕ್ಕದ್ದು ಏನೂ ಇಲ್ಲವೆ? ಇದೆ, ಮತ್ತು ಅದು ಅಗ್ಗವಾದುದು. 1932ರಲ್ಲಿ ಲಂಡನ್ನಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯೊಂದರಲ್ಲಿ ಎಲಿಸನ್ ಎಂಬ ವೈದ್ಯರು, ದಡಾರದಿಂದ ಬಂದು ಸೇರಿದ 600 ಮಕ್ಕಳಲ್ಲಿ 300 ಮಂದಿಗೆ ಎ ಜೀವಸತ್ವ ಸಮೃದ್ಧವಾಗಿದ್ದ ಮೀನೆಣ್ಣೆಯ ಸಾರವನ್ನು ಕೊಟ್ಟು, ಉಳಿದ 300 ಮಂದಿಗೆ ಕೊಡದೆ ನೋಡಿದರು. ಪಡೆದವರಲ್ಲಿ 11 ಮಕ್ಕಳೂ ಪಡೆಯದವರಲ್ಲಿ 26 ಮಕ್ಕಳೂ ತೀರಿಕೊಂಡರು. ಈ ಫಲವನ್ನು ಲೋಕ ಅರ್ಧ ಶತಮಾನ ಕಾಲ ಮರೆತುಬಿಟ್ಟಿತು. 1990ರಲ್ಲಿ ಕೇಪ್‌ಟೌನಿನ ಹಸೀ ಮತ್ತು ಕ್ಲೈನ್ ಅವರು ತೀವ್ರ ದಡಾರದ 189 ಮಕ್ಕಳಲ್ಲಿ ಅದನ್ನೇ ಕಟ್ಟುನಿಟ್ಟಾದ ರೀತಿಯಲ್ಲಿ ಪರೀಕ್ಷಿಸಿ ಪ್ರಕಟಿಸಿದಾಗ, ಮೃತರಾದ 12 ಮಕ್ಕಳಲ್ಲಿ 10 ಮಂದಿ ಎ ಜೀವಸತ್ವವನ್ನು ಪಡೆಯದ ಗುಂಪಿನವರಾಗಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ಇಂದು ವರ್ಷ ತುಂಬಿದ ಮಗುವಿಗೆ ಎರಡು ಲಕ್ಷ ಯೂನಿಟ್, ಆರರಿಂದ ಹನ್ನೊಂದು ತಿಂಗಳಿನ ಕೂಸಿಗೆ ಒಂದು ಲಕ್ಷ, ಅದಕ್ಕಿಂತ ಎಳೆಯದಕ್ಕೆ ಐವತ್ತು ಸಾವಿರ, ಹೀಗೆ ಎರಡು ದಿನ ಒಂದೊಂದು ಬಾರಿ ಕೊಡುತ್ತಾರೆ. ಕಣ್ಣಿಗೆ ತೊಂದರೆ ಕಂಡರೆ ಕೆಲವು ವಾರಗಳ ಬಳಿಕ ಮೂರನೆಯ ಬಾರಿ. ಇದು ವೈರಾಣುವನ್ನು ಕೊಲ್ಲುವುದಿಲ್ಲ. ಹಾಳಾದ ಒಳಪೊರೆಗಳನ್ನು ಕಟ್ಟಿಕೊಳ್ಳುವುದಕ್ಕೂ ಕಣ್ಣನ್ನು ಉಳಿಸಿಕೊಳ್ಳುವುದಕ್ಕೂ ದೇಹಕ್ಕೆ ನೆರವಾಗುತ್ತದೆ. ಅದರ ಜೊತೆಗೆ ಮಗುವಿಗೆ ಬೇಕಾದಷ್ಟು ನೀರು, ಗಂಜಿ, ಎದೆಹಾಲು, ಬ್ಯಾಕ್ಟೀರಿಯದ ನ್ಯುಮೋನಿಯ ಸೇರಿಕೊಂಡರೆ ಆಂಟಿಬಯಾಟಿಕ್. ದಡಾರದ ಜೊತೆಯಲ್ಲಿ ಇನ್‌ಫ್ಲುಯೆನ್ಜಾವೂ ಇದೆಯೆಂದು ಪರೀಕ್ಷೆಯಿಂದ ತಿಳಿದರೆ ವೈದ್ಯರು ಒಸೆಲ್ಟಾಮಿವಿರ್ ಕೊಟ್ಟಾರು. ಆಗಲೂ ಅದು ಇನ್‌ಫ್ಲುಯೆನ್ಜಾಕ್ಕೆ ಕೊಟ್ಟುದೇ ಹೊರತು ದಡಾರಕ್ಕಲ್ಲ. ಹಾಗಲ್ಲದೆ ಸುಮ್ಮನೆ ಕೊಟ್ಟರೆ, ಮೊದಲೇ ಬಾಯಿ ಹುಣ್ಣಾಗಿ ನೀರು ಕುಡಿಯಲಾರದ ಮಗುವಿಗೆ ಆ ಔಷಧದ ಪ್ರಸಿದ್ಧ ಉಪದ್ರವವಾದ ವಾಂತಿಯೊಂದು ಹೆಚ್ಚಾದೀತು, ಅಷ್ಟೆ.

ಒಳ್ಳೆಯದನ್ನೂ ಮಿತಿಮೀರಿ ಕೊಡಬಾರದೆಂಬುದಕ್ಕೆ 2025ರಲ್ಲಿ ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ನಡೆದುದು ನಿದರ್ಶನ. ಆ ವರ್ಷ ಅಲ್ಲಿ ಹಬ್ಬಿದ ಪಿಡುಗೊಂದರಲ್ಲಿ 762 ಮಂದಿಗೆ ದಡಾರ ತಗುಲಿ, ಲಸಿಕೆ ಹಾಕಿಸದಿದ್ದ ಇಬ್ಬರು ಮಕ್ಕಳು ತೀರಿಕೊಂಡರು. ಲಸಿಕೆಗೆ ಬದಲಾಗಿ ಮೀನೆಣ್ಣೆ, ಸ್ಟೀರಾಯ್ಡ್, ಆಂಟಿಬಯಾಟಿಕ್‌ಗಳ ಗುಣಗಾನ ಹಬ್ಬಿದ ಆ ದಿನಗಳಲ್ಲಿ, ಎ ಜೀವಸತ್ವ ಅತಿಯಾಗಿ ಯಕೃತ್ತಿಗೆ ತೊಂದರೆಯಾದ ಮಕ್ಕಳನ್ನೂ ಅಲ್ಲಿನ ಆಸ್ಪತ್ರೆಯವರು ನೋಡಬೇಕಾಯಿತು. ನಮ್ಮಲ್ಲಿ ದಡಾರವನ್ನು ‘ಅಮ್ಮ’ ಎಂದು ಭಾವಿಸಿ, ಬೇವಿನ ಸೊಪ್ಪನ್ನು ಬಾಗಿಲಿಗೆ ಕಟ್ಟಿ, ಹೊರಗಿನವರನ್ನು ಒಳಕ್ಕೆ ಬಿಡದೆ ಮಗುವನ್ನು ಬೇರೆ ಮಲಗಿಸುವ ಪದ್ಧತಿಯುಂಟಷ್ಟೆ. ಅದರಲ್ಲಿ ಮಗುವನ್ನು ಪ್ರತ್ಯೇಕವಾಗಿರಿಸುವ ವಿವೇಕವನ್ನು ನಾನು ಗೌರವಿಸುತ್ತೇನೆ. ಅದೇ ಭಾವನೆಯಿಂದ ವೈದ್ಯರ ಬಳಿಗೆ ಒಯ್ಯದೆ, ಔಷಧ ಕೊಡದೆ, ಪಥ್ಯವೆಂದು ಆಹಾರವನ್ನು ತಡೆಯುವುದಾದರೆ, ಎ ಜೀವಸತ್ವವೂ ಪುಷ್ಟಿಯೂ ಅತ್ಯಂತ ಅಗತ್ಯವಾದ ಹೊತ್ತಿನಲ್ಲಿ ಮಗುವಿನ ಬಾಯಿಂದ ಅವನ್ನು ಕಿತ್ತುಕೊಂಡಂತಾಗುತ್ತದೆ.

ಸೋಂಕಿತರ ಸಂಪರ್ಕ ಆಗಿಹೋಗಿ, ರೋಗ ಇನ್ನೂ ತೋರದಿರುವ ಅಲ್ಪಾವಕಾಶದಲ್ಲಿ ಮಾಡತಕ್ಕ ಕಾರ್ಯವೊಂದುಂಟು. 72 ಗಂಟೆಗಳೊಳಗೆ ಲಸಿಕೆ ಹಾಕಿದರೆ ರೋಗವನ್ನು ತಡೆಯುವ ಅಥವಾ ಸೌಮ್ಯಗೊಳಿಸುವ ಸಂಭವವುಂಟು. ಲಸಿಕೆ ಹಾಕಬಾರದವರಿಗೆ ಆರು ದಿನಗಳೊಳಗೆ ಇಮ್ಯುನೊಗ್ಲಾಬ್ಯುಲಿನ್ ಕೊಡಬಹುದು. ಇನ್‌ಫ್ಲುಯೆನ್ಜಾದಲ್ಲಿ ಒಸೆಲ್ಟಾಮಿವಿರ್ ವಹಿಸುವ ಮುಂಜಾಗ್ರತೆಯ ಪಾತ್ರವನ್ನು ದಡಾರದಲ್ಲಿ ವಹಿಸತಕ್ಕವು ಇವೇ.

ಲಸಿಕೆ ಬರುವುದಕ್ಕೆ ಮುನ್ನ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಮಂದಿ ದಡಾರದಿಂದ ಸಾಯುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2023ರಲ್ಲಿ ಆ ಸಂಖ್ಯೆ 1,07,500ರ ಸುಮಾರಿಗೆ ಇಳಿದಿತ್ತು. ಇಳಿಸಿದುದು ಯಾವ ವೈರಾಣುನಿರೋಧಕವೂ ಅಲ್ಲ. ಭಾರತದಲ್ಲಿ 1985ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರದ ಲಸಿಕೆ ಸೇರಿದೆ. 2010ರಿಂದ ಎರಡನೆಯ ಡೋಸ್ ಬಂದಿತು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನಕ್ಕೆ ಬೆಂಗಳೂರಿನಲ್ಲಿಯೇ ಚಾಲನೆ ದೊರೆತು, ಒಂಬತ್ತು ತಿಂಗಳಿನ ಕೂಸಿನಿಂದ ಹದಿನೈದು ವರ್ಷದೊಳಗಿನ ಶಾಲಾಮಕ್ಕಳವರೆಗೆ ಎಲ್ಲರಿಗೂ ಸೂಜಿ ಹಾಕಿದುದನ್ನು ಅನೇಕ ಓದುಗರು ನೆನಪಿಟ್ಟಿರಬಹುದು. ಒಬ್ಬ ರೋಗಿಯಿಂದ, ತಡೆಯಿಲ್ಲದ ಸಮಾಜದಲ್ಲಿ, ಹನ್ನೆರಡರಿಂದ ಹದಿನೆಂಟು ಮಂದಿಗೆ ಹರಡಬಲ್ಲ ಈ ರೋಗವನ್ನು ತಡೆಯಬೇಕಾದರೆ ನೂರಕ್ಕೆ ತೊಂಬತ್ತೈದು ಮಕ್ಕಳಿಗಾದರೂ ಎರಡು ಡೋಸ್‌ಗಳೂ ಸಂದಿರಬೇಕು. ಮೊದಲನೆಯದು ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ, ಎರಡನೆಯದು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ. ತಪ್ಪಿಹೋಗಿದ್ದರೆ ಐದು ವರ್ಷ ತುಂಬುವವರೆಗೂ ಸರ್ಕಾರಿ ಆಸ್ಪತ್ರೆಯಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಲಸಿಕೆ ಉಚಿತವಾಗಿ ದೊರೆಯುತ್ತದೆ. ಮನೆಯಲ್ಲಿ ಸಣ್ಣ ಮಗುವಿರುವ ಓದುಗರು ತಾಯಿ ಕಾರ್ಡನ್ನು ತೆಗೆದು ಎರಡನೆಯ ಡೋಸಿನ ಎದುರಿಗೆ ದಿನಾಂಕ ಬರೆದಿದೆಯೆ ಎಂದು ಇಂದೇ ನೋಡಬೇಕೆಂದೂ, ಬರೆದಿಲ್ಲವಾದರೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ ಮುಂದಿನ ಲಸಿಕೆಯ ದಿನ ಮಗುವನ್ನು ಕರೆದೊಯ್ಯಬೇಕೆಂದೂ ನನ್ನ ಪ್ರಾರ್ಥನೆ.